ತೊಟ್ಟಿಲ ಕೊಂಡಿಗೆ ತೂಗಿದ ಹಾಲು

ಆ ಮನೆಯ ನಡುಮನೆಯ ತೊಲೆಯಲ್ಲಿ ಒಂದು ಕಬ್ಬಿಣದ ಕೊಂಡಿ ಇತ್ತು. ಸೀರೆ ತೊಟ್ಟಿಲು ಕಟ್ಟುವುದಕ್ಕೆಂದು ಹಿಂದಿನವರು ಯಾರೋ ಹೊಡೆಸಿದ್ದು. ನಾನು ಹೋಗುವ ಹೊತ್ತಿಗೆ ಅದರಲ್ಲಿ ತೂಗುವ ಕೂಸು ಇರಲಿಲ್ಲ. ತುಕ್ಕು ಹಿಡಿದು ಜೇಡರ ಬಲೆ ಕಟ್ಟಿತ್ತು. ಸ್ಟೂಲು ಹಾಕಿಕೊಂಡು ಹತ್ತಿ, ಉಜ್ಜಿ ಒರೆಸಿ, ಬಟ್ಟೆ ಸುತ್ತಿ, ಅದಕ್ಕೆ ಹಾಲಿನ ಚೀಲ ತೂಗುಹಾಕಿದೆ. ಚೀಲದಿಂದ ಇಳಿದ ಸಣ್ಣ ಪೈಪು ಮಂಚದ ಮೇಲಿದ್ದ ದೊಡ್ಡವ್ವನ ಹೊಟ್ಟೆಯೊಳಕ್ಕೆ ಹೋಗುತ್ತಿತ್ತು.

ದೊಡ್ಡವ್ವ ಮಲಗಿದಲ್ಲಿಂದಲೇ ಅದನ್ನು ನೋಡಿ, "ನನ್ ಮಕ್ಳೆಲ್ಲಾ ತೂಗಿದ್ದು ಇಲ್ಲೇ. ಈಗ ನಾನೇ ಕೂಸಾದೆ," ಎಂದರು.

ಇವತ್ತಿಗೂ ತಮಿಳುನಾಡಿನ ತೇನಿಯಿಂದ ಕಂಬಂ ಕಡೆ ಹೋಗುವ ಬಸ್ಸಿನಲ್ಲಿ ಕೂತರೆ, ಚಿನ್ನಮನೂರು ದಾಟಿ ಉತ್ತಮಪಾಳಯಂ ಹತ್ತಿರ ಬರುವಾಗ, ಬಾಳೆತೋಟಗಳ ಆಚೆ ಆ ಮನೆಯ ಹೆಂಚು ಕಾಣುತ್ತದೇನೋ ಎಂದು ಕತ್ತು ಚಾಚುತ್ತೇನೆ. ಕಾಣುವುದಿಲ್ಲ, ನಡುವೆ ಹೊಸ ಕಟ್ಟಡಗಳು ಎದ್ದಿವೆ. ಆದರೂ ಚಾಚುತ್ತೇನೆ.

ರೋಗಿಗಳ ಮನೆಯಲ್ಲೇ ಇದ್ದು ಅವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಕೆಲಸ ಕಲಿತದ್ದು ಆಸ್ಪತ್ರೆ ವಾರ್ಡುಗಳಲ್ಲಿ, ಕನ್ನಡ ಅಕ್ಷರ ಕಲಿತದ್ದು ಬೆಂಗಳೂರಿನ ಒಂದು ವಾರ್ಡಿನ ಬೋರ್ಡುಗಳಲ್ಲಿ. ನಾನು ನೋಡಿಕೊಂಡ ಒಬ್ಬರಿಗೂ ಬೆನ್ನು ಹುಣ್ಣಾಗಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆ ಮನೆಯ ಹಿರಿಯರಿಗೆ, ನೆಂಟರಲ್ಲದಿದ್ದರೂ ನಾನು ದೊಡ್ಡವ್ವ ಎಂದು ಕರೆಯುತ್ತಿದ್ದವರಿಗೆ, ಅನ್ನನಾಳದಲ್ಲಿ ಗಡ್ಡೆಯಾಗಿತ್ತು. ದಿಂಡಿಗಲ್ಲಿನ ಆಸ್ಪತ್ರೆಯಲ್ಲಿ ಕೆಟ್ಟ ಭಾಗ ಕತ್ತರಿಸಿ, ಹೊಟ್ಟೆಯ ಚೀಲವನ್ನೇ ಉದ್ದಕ್ಕೆ ಮೇಲೆಳೆದು ಕುತ್ತಿಗೆಯ ಹತ್ತಿರ ಜೋಡಿಸಿದ್ದರು. ಆ ಹೊಲಿಗೆ ಗಟ್ಟಿಯಾಗಿ ಬಾಯಲ್ಲಿ ಸಾಕಷ್ಟು ತಿನ್ನುವವರೆಗೂ ಆಹಾರ ಬೇಕಲ್ಲ, ಅದಕ್ಕೆ ಹೊಟ್ಟೆಯ ಎಡಗಡೆ ಸಣ್ಣ ತೂತು ಮಾಡಿ ನೇರವಾಗಿ ಸಣ್ಣ ಕರುಳಿಗೇ ಒಂದು ಟ್ಯೂಬು ಇಳಿಸಿದ್ದರು. ಬಾಯಿಗೆ ಸದ್ಯಕ್ಕೆ ಒಂದೊಂದು ಗುಟುಕು ನೀರು ಮಾತ್ರ.

ಮನೆಗೆ ಬಂದ ಮೇಲೆ ತೊಂದರೆ ಶುರುವಾಗಿದ್ದು ನಮ್ಮ ಜನರ ಒಂದು ನಡಾವಳಿಯಿಂದ. ತಲೆಮಾರುಗಳಿಂದ ಕಂಬಂ ಕಣಿವೆಯಲ್ಲೇ ನೆಲೆಸಿದ ನಮ್ಮ ಕನ್ನಡದ ಮನೆಗಳಲ್ಲಿ, ಸಾವಿನ ಬಾಗಿಲು ತಟ್ಟಿ ವಾಪಸು ಬಂದವರನ್ನು ಬರಿಗೈಯಲ್ಲಿ ನೋಡಲು ಹೋಗುವಂತಿಲ್ಲ. ಒಂದೊಂದು ನೆಂಟರ ಮನೆಯವರೂ ತಮ್ಮ ಒಲೆಯ ಮೇಲೆ ಕಾಯಿಸಿದ ಹಾಲೋ ಗಂಜಿಯೋ ತಂದು ತಮ್ಮ ಕೈಯಾರೆ ಕುಡಿಸಬೇಕು. ಕಾಯಿಲೆಯವರು ಕುಡಿಯಬೇಕು. ಒಲ್ಲೆ ಎಂದರೆ ಆ ಮನೆಯ ನೆಂಟಸ್ತನವೇ ಒಲ್ಲೆ ಎಂದಂತೆ. ದೊಡ್ಡವ್ವನ ಬಾಯಿಗೆ ಹಾಕುವಂತಿರಲಿಲ್ಲ. ಹಾಗಾಗಿ ಬಂದವರೆಲ್ಲ ಟ್ಯೂಬಿಗೇ ಹಾಕಿದರು. ಒಂದು ಮನೆಯವರು ಸಿರಿಂಜು ತುಂಬ ಹಾಲು, ಅದರ ಹಿಂದೆಯೇ ಇನ್ನೊಂದು ಮನೆಯವರದು. ಹೊಟ್ಟೆ ಮುರಿತ, ಭೇದಿ, ಬೆವರು. ಆಸ್ಪತ್ರೆಯವರು ಬೈದು, ತಿಳಿದವರೊಬ್ಬರನ್ನು ಇಟ್ಟುಕೊಳ್ಳಿ ಎಂದು ಹೇಳಿ, ನನ್ನನ್ನು ಕರೆಸಿದರು.

ನಾನು ಮೊದಲು ಮಾಡಿದ ಕೆಲಸ ಸಿರಿಂಜನ್ನು ಎತ್ತಿಟ್ಟದ್ದು. ಟ್ಯೂಬು ತೊಳೆಯಲು ಬೆಚ್ಚಗಿನ ನೀರು ತುಂಬುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಅದನ್ನು ಮುಟ್ಟಬಾರದು ಎಂದೆ. ಆಸ್ಪತ್ರೆಯವರು ಹೇಳಿದ ಆಹಾರದ ಪುಡಿಯನ್ನು, ಕಾಯಿಸಿ ಆರಿಸಿದ ನೀರಿನಲ್ಲಿ ಗಂಟಿಲ್ಲದಂತೆ ಹಾಲಿನ ಹಾಗೆ ಕಲಸಿ, ತೆಳು ಬಟ್ಟೆಯಲ್ಲಿ ಸೋಸಿ, ಚೀಲಕ್ಕೆ ತುಂಬಿ, ಕೊಂಡಿಗೆ ತೂಗುಹಾಕಿ, ಹನಿ ಹನಿಯಾಗಿ ಬಿಡುವುದು. ಬೆನ್ನಿಗೆ ದಿಂಬು ಒತ್ತಿ ಅವರನ್ನು ಒರಗಿಸಿ ಕೂರಿಸುವುದು. ಚೀಲ ಖಾಲಿಯಾದಾಗಲೆಲ್ಲ ಟ್ಯೂಬು ತೊಳೆಯುವುದು. ತೂತಿನ ಸುತ್ತಲಿನ ಚರ್ಮ ಒರೆಸಿ, ಪಟ್ಟಿ ಬದಲಿಸಿ, ಟ್ಯೂಬು ಎಷ್ಟು ಹೊರಗಿದೆ ಎಂದು ಗುರುತು ನೋಡುವುದು. ಕೆಲಸ ಅಷ್ಟೇ, ಆದರೆ ಒಂದು ಸಲವೂ ತಪ್ಪುವಂತಿಲ್ಲ.

ಎರಡನೆಯ ಕೆಲಸ ಬಾಗಿಲಲ್ಲಿ ನಿಂತದ್ದು. ನೆಂಟರ ಹಾಲಿನ ಪಾತ್ರೆಗಳನ್ನು ಒಳಗೆ ಬಿಡಲಿಲ್ಲ. ಹೆಚ್ಚಿನವರು ಗೊಣಗುತ್ತ ಹೋದರು. ಹೋಗದೆ ನಿಂತವರು ಒಬ್ಬರು, ದೊಡ್ಡವ್ವನ ತಮ್ಮ. ಪಕ್ಕದ ಬೀದಿಯಲ್ಲೇ ಮನೆ, ದ್ರಾಕ್ಷಿ ತೋಟದವರು. ಸಾಲದ್ದಕ್ಕೆ ಆ ಮನೆಯ ಸೊಸೆ ಅವರ ಮಗಳೇ. ನಮ್ಮಲ್ಲಿ ಅಕ್ಕನ ಮಗನಿಗೆ ಮಗಳನ್ನು ಕೊಡುವುದು ವಾಡಿಕೆ. ಊರಿಗೆಲ್ಲ ಅವರು ಮಾಮ.

"ಯಾರಪ್ಪಾ ನೀನು? ನಮ್ಮ ಅಕ್ಕುಂಗೆ ನಾನು ಆಲು ಕುಡಿಸ್ಬಾರ್ದಾ?"

"ಕುಡಿಸೋಕೆ ಅದು ಬಾಯಲ್ಲ ಮಾಮ, ಕರುಳು. ಒಟ್ಟೆ ಅಂದ್ರೆ ಕೆರೆ ಇದ್ದಂಗೆ, ಸುರಿದ್ರೆ ನಿಲ್ತದೆ. ಕರುಳು ಕಾಲ್ವೆ. ಸಣ್ಣ ಕಾಲ್ವೆಗೆ ಮೋಟ್ರು ನೀರು ಬಿಟ್ರೆ ಏನಾಯ್ತದೆ?"

ತೋಟದವರಿಗೆ ಇದು ಅರ್ಥವಾಗದ ಮಾತಲ್ಲ. ಅರ್ಥವಾಯಿತು ಎಂದು ಒಪ್ಪಿಕೊಳ್ಳುವುದು ಬೇರೆ. "ಬಂದ್ಬುಟ್ಟ, ಟ್ಯೂಬು ಡಾಕ್ಟ್ರು," ಎಂದು ಪಾತ್ರೆಯನ್ನು ಜಗಲಿಯ ಮೇಲೆ ಕುಕ್ಕಿ ಹೋದರು. ಅಂದಿನಿಂದ ನನ್ನ ಹೆಸರು ಅದೇ ಆಯಿತು.

ಹೊಟ್ಟೆ ಸಮಾಧಾನಕ್ಕೆ ಬಂತು. ದೊಡ್ಡವ್ವನ ಮುಖಕ್ಕೆ ಸ್ವಲ್ಪ ಬಣ್ಣ ಬಂತು, ಅದರ ಜೊತೆಗೆ ಮಾತೂ ಬಂತು. ಆ ದಿನಗಳು ನನಗೆ ಈಗಲೂ ಬೇಕೆನಿಸುವ ದಿನಗಳು. ನನ್ನ ಅವ್ವ ಸತ್ತ ಮೇಲೆ ನಮ್ಮ ಮನೆಯಲ್ಲಿ ಕನ್ನಡ ನಿಂತುಹೋಗಿತ್ತು. ಹೆಂಡತಿ ಮಕ್ಕಳದು ತಮಿಳು, ನನ್ನದೂ ಅದೇ ಆಗಿತ್ತು. ದೊಡ್ಡವ್ವನ ಬಾಯಲ್ಲಿ ನಮ್ಮ ಅವ್ವನ ಅದೇ ಕನ್ನಡ. ಹನಿ ಬೀಳುವುದನ್ನು ನೋಡುತ್ತ ನಾನು ಕೂರುವುದು, ಅವರು ಹೇಳುತ್ತ ಹೋಗುವುದು. ತೇವಾರಂ ಅವರ ತವರು. ಬೆಟ್ಟದ ಬುಡದಲ್ಲಿ ಕಂಬು ಕೊಯ್ಯುವಾಗ ಹಾಡಿದ್ದು, ಬೋಡಿಮೆಟ್ಟು ಹತ್ತಿ ಏಲಕ್ಕಿ ಬಿಡಿಸಲು ಹೋದಾಗ ಜಿಗಣೆ ಕಚ್ಚಿದ್ದು, ಎಲ್ಲದರ ಕೊನೆಗೆ ಊಟದ ಮಾತು ಬಂದೇ ಬರುತ್ತಿತ್ತು. ಕಂಬು ಎಂದರೆ ಸಜ್ಜೆ. ಅದರ ಗಂಜಿಗೆ ಹುಳಿ ಮಜ್ಜಿಗೆ, ನಂಚಿಕೊಳ್ಳಲು ಸಣ್ಣ ಈರುಳ್ಳಿ.

"ಒಟ್ಟೆ ತುಂಬ್ತದೆ ಕಣಪ್ಪಾ, ನಾಲ್ಗೆಗೆ ಗೊತ್ತೇ ಆಗ್ದು. ಉಪ್ಪು ಅಂದ್ರೆ ಎಂಗಿರ್ತದೆ ಅಂತ ಮರ್ತೋಯ್ತೀನೋ ಏನೋ."

"ಮರೆಯೋದಿಲ್ಲ ದೊಡ್ಡವ್ವ. ಟ್ಯೂಬು ತೆಗೆದ ದಿನ ನಾನೇ ಕಂಬು ಗಂಜಿ ಮಾಡಿ ಕೊಡ್ತೀನಿ."

"ನೀನಾ? ಗಂಡಸು ಮಾಡಿದ ಗಂಜಿ. ಆಗ ಟ್ಯೂಬೇ ವಾಸಿ ಅನ್ಸ್ತದೆ."

ಆಮೇಲೆ ಒಂದು ಬೆಳಿಗ್ಗೆ ಹೊಟ್ಟೆ ನೋವು ಎಂದರು. ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು, ಮುಖ ಹಿಂಡಿಹೋಯಿತು. ಸ್ವಲ್ಪ ಹೊತ್ತಿಗೆ ಬಿಟ್ಟಿತು. "ಓಯ್ತು," ಎಂದು ನಕ್ಕರು. ಹನಿ ನಿಧಾನ ಮಾಡಿದೆ, ಹೊಟ್ಟೆ ಉಬ್ಬರಿಸಿದರೆ ಹಾಗೆ ಮಾಡು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನೋವು ಮತ್ತೆ ಬಂತು, ಮತ್ತೆ ಹೋಯಿತು. ಭೇದಿಯಾಗಲಿಲ್ಲ. ಗಾಳಿಯೂ ಹೋಗಲಿಲ್ಲ. ಆಗ ನಾನು ಹಾಲಿನ ಹನಿಯನ್ನು ಪೂರ್ತಿ ನಿಲ್ಲಿಸಿದೆ.

ನನ್ನ ತಲೆಯಲ್ಲಿ ಬಂದದ್ದು ಒಂದೇ ಯೋಚನೆ. ಬೆಳಿಗ್ಗೆ ನಾನು ಬಟ್ಟೆ ಒಗೆಯುತ್ತಿದ್ದಾಗ ಮಾಮ ಬಂದು ಅಕ್ಕನ ಹತ್ತಿರ ಕೂತು ಹೋಗಿದ್ದರು. ಕದ್ದು ಹಾಲು ಹಾಕಿರಬೇಕು. ಸೊಸೆಯನ್ನು ಕೇಳಿದೆ. "ನಾ ನೋಡಿಲ್ಲಣ್ಣಾ," ಎಂದಳು. ಅವಳ ದನಿ ಅಪ್ಪನ ಕಡೆಗೂ ಇರಲಿಲ್ಲ, ನನ್ನ ಕಡೆಗೂ ಇರಲಿಲ್ಲ. ಗಂಡ ಏಲಕ್ಕಿ ವ್ಯಾಪಾರದ ಕೆಲಸವಾಗಿ ಬೋಡಿಗೆ ಹೋಗಿದ್ದ. ಮನೆಯಲ್ಲಿದ್ದದ್ದು ಅವಳೊಬ್ಬಳೇ.

ಊಟದ ಹೊತ್ತಿಗೆ ದೊಡ್ಡವ್ವ ವಾಂತಿ ಮಾಡಿದರು. ನಾವು ಕೊಡುತ್ತಿದ್ದದ್ದು ಬಿಳಿ, ಬಂದದ್ದು ಹಸಿರು.

ಅದೇ ಹೊತ್ತಿಗೆ ಸುದ್ದಿ ತಿಳಿದು ಮಾಮ ಬಂದರು. ಕೈಯಲ್ಲಿ ಲೋಟ, ಲೋಟದಲ್ಲಿ ಬೆಚ್ಚಗೆ ಮಾಡಿದ ಹರಳೆಣ್ಣೆ. ಕಣಿವೆಯ ಜನಕ್ಕೆ ಹೊಟ್ಟೆಯ ವಿಷಯದಲ್ಲಿ ಹರಳೆಣ್ಣೆಗಿಂತ ದೊಡ್ಡ ಡಾಕ್ಟರಿಲ್ಲ. ನನ್ನನ್ನೂ ನಮ್ಮ ಅವ್ವ ಮೂಗು ಹಿಡಿದು ಅದನ್ನೇ ಕುಡಿಸಿ ಬೆಳೆಸಿದ್ದು.

"ಸರ್ಕೋ ಆ ಕಡೆ. ಗಾಳಿ ಕಟ್ಟೈತೆ. ಇದು ಒಳಕ್ಕೋದ್ರೆ ಎಲ್ಲಾ ಇಳೀತದೆ."

"ಬೇಡ ಮಾಮ."

"ನಿನ್ ಪುಡಿ ಆಲಿಂದ್ಲೇ ಕಟ್ಟಿರೋದು."

"ನೀವು ಬೆಳಿಗ್ಗೆ ಏನು ಆಕಿದ್ರಿ, ಅದನ್ನ ಯೇಳಿ ಮೊದ್ಲು."

"ನಾನು ಆಕಿದ್ನಾ? ಯೇ, ನನ್ ಅಕ್ಕನ್ ಮನೇಲಿ ನಿಂತ್ಕೊಂಡು ನನ್ನೇ ಕಳ್ಳ ಅಂತೀಯಾ?"

ಅವರನ್ನು ತಡೆಯುವುದು ಕಷ್ಟವಾಗಿರಲಿಲ್ಲ, ನಾನೂ ದಪ್ಪ ಆಳೇ. ಕಷ್ಟವಾದದ್ದು ದೊಡ್ಡವ್ವ ಕೈ ಚಾಚಿದಾಗ. ನೋವಿಗೆ ಕಣ್ಣಲ್ಲಿ ನೀರು ತುಂಬಿತ್ತು. "ಕುಡಿಸ್ಬುಡಪ್ಪಾ. ಆ ಎಣ್ಣೆ ನಂಗೆ ಒಗ್ಗಿದ್ದು. ಕುಡಿಸು."

ಅವರು ನನ್ನನ್ನು ಅಷ್ಟು ದಿನದಲ್ಲಿ ಬೇಡಿಕೊಂಡದ್ದು ಅದೊಂದೇ ಸಲ. ಒಳಗೆ ಏನಾಗಿದೆಯೋ ನನಗೆ ಗೊತ್ತಿರಲಿಲ್ಲ, ಗೊತ್ತಿದ್ದದ್ದು ಇಷ್ಟೇ. ಏನೋ ಮುಂದಕ್ಕೆ ಹೋಗುತ್ತಿಲ್ಲ, ಅದಕ್ಕೇ ಮೇಲಿಂದ ವಾಪಸು ಬರುತ್ತಿದೆ. ದಾರಿ ಕಟ್ಟಿದ್ದರೆ ಹಿಂದಿನಿಂದ ತಳ್ಳಬಾರದು. ಎಣ್ಣೆ ಮಾಡುವುದು ತಳ್ಳುವ ಕೆಲಸವನ್ನೇ. ಟ್ಯೂಬಿನ ಮುಚ್ಚಳವನ್ನು ಬಿಗಿಯಾಗಿ ಹಾಕಿ ಮುಷ್ಟಿಯಲ್ಲಿ ಹಿಡಿದುಕೊಂಡೆ. "ಡಾಕ್ಟ್ರು ಕೊಡು ಅಂದ್ರೆ ನಾನೇ ಕೊಡ್ತೀನಿ ದೊಡ್ಡವ್ವ. ಅವರು ಅನ್ನೋವರ್ಗೂ ಒಂದು ತೊಟ್ಟು ಇಲ್ಲ," ಎಂದೆ. ಸೊಸೆಗೆ ಫೋನು ಹಚ್ಚಲು ಹೇಳಿದೆ.

ಮೊದಲ ಸಲ ಯಾರೂ ಎತ್ತಲಿಲ್ಲ. ಮಾಮ ಲೋಟ ಹಿಡಿದು ನಿಂತೇ ಇದ್ದರು. ಎರಡನೆಯ ಸಲ ಆಪರೇಷನ್ ಮಾಡಿದ ಡಾಕ್ಟರೇ ಸಿಕ್ಕಿದರು. ವಾಂತಿಯ ಬಣ್ಣ ಏನು, ಹೊಟ್ಟೆ ಗಟ್ಟಿಯಾಗಿದೆಯಾ, ಜ್ವರ ಇದೆಯಾ, ಗಾಳಿ ಹೋಗಿ ಎಷ್ಟು ಹೊತ್ತಾಯಿತು ಎಂದು ಒಂದೊಂದಾಗಿ ಕೇಳಿದರು. ಹೇಳಿದೆ. ಬಾಯಿಗೂ ಟ್ಯೂಬಿಗೂ ಏನೂ ಬೇಡ, ಟ್ಯೂಬಿನ ಬಾಯಿ ತೆಗೆದು ಖಾಲಿ ಚೀಲಕ್ಕೆ ಜೋಡಿಸಿ ಕೆಳಗೆ ಬಿಡು, ಒಳಗಿರುವುದು ತಾನಾಗಿ ಇಳಿಯಲಿ, ಈಗಲೇ ಹೊರಟು ಬನ್ನಿ ಎಂದರು. ಫೋನು ಜೋರಾಗಿಯೇ ಇತ್ತು, ಮಾಮನಿಗೂ ಕೇಳಿಸಿತು. ಅವರು ಲೋಟವನ್ನು ಕಿಟಕಿಯ ಮೇಲಿಟ್ಟು ದ್ರಾಕ್ಷಿ ಸಾಗಿಸುವ ತಮ್ಮ ವ್ಯಾನು ತರಲು ಹೋದರು.

ವ್ಯಾನಿನಲ್ಲಿ ಹಾಸಿಗೆ ಹಾಕಿ ದೊಡ್ಡವ್ವನನ್ನು ಒರಗಿಸಿ ಕೂರಿಸಿದೆವು. ಸೊಸೆ ತಲೆ ಹಿಡಿದುಕೊಂಡಳು. ನಾನು ಚೀಲ ಹಿಡಿದು ಕಾಲ ಹತ್ತಿರ ಕೂತೆ. ಮಾಮ ಓಡಿಸಿದರು. ಚಿನ್ನಮನೂರು ಬಂದಾಗ ಅವರಿಗೆ ತಡೆಯಲಾಗಲಿಲ್ಲ.

"ನನ್ ಮಗಳಾಣೆ, ನಾ ಏನೂ ಆಕಿಲ್ಲ."

"ಯಾರೂ ಆಕ್ದೆ ಇಂಗೆ ಆಯ್ತದಾ ಮಾಮ?"

"ನಿನ್ ಪುಡಿ. ಅಂಗಡಿ ಪುಡಿ ತಿಂದು ಯಾವ ಮನುಷ್ಯ ಬದ್ಕಿದಾನೆ?"

"ಅಪ್ಪಾ, ನನ್ ಮೇಲೆ ಆಣೆ ಆಕೋದು ಬಿಟ್ಟು ರೋಡು ನೋಡಿ ಓಡ್ಸು," ಎಂದಳು ಸೊಸೆ.

ತೇನಿ ದಾಟಿತು, ಪೆರಿಯಕುಳಂ ದಾಟಿತು. ನಮ್ಮ ಜಗಳ ದಾಟಲಿಲ್ಲ. ಹಂಪು ಬಂದಾಗ ಮಾತ್ರ ಇಬ್ಬರೂ ಬಾಯಿ ಮುಚ್ಚುತ್ತಿದ್ದೆವು. ಮಾಮ ಗಾಡಿಯನ್ನು ಕೂಸನ್ನು ಮಲಗಿಸುವವರ ಹಾಗೆ ನಿಧಾನವಾಗಿ ಹತ್ತಿಸಿ ಇಳಿಸುತ್ತಿದ್ದರು. ವತ್ತಲಗುಂಡು ಹತ್ತಿರ ನೋವು ಬಂದು ಹೋದ ಮೇಲೆ ದೊಡ್ಡವ್ವ ಕಣ್ಣು ಬಿಟ್ಟು, "ಇಬ್ರೂ ಬಾಯ್ ಮುಚ್ಕೊಳಿ. ಒಟ್ಟೆ ನಂದು," ಎಂದರು. ದಿಂಡಿಗಲ್ಲಿನ ಆಸ್ಪತ್ರೆಯವರೆಗೆ ಮಾಮ ರೋಡು ನೋಡಿಕೊಂಡೇ ಓಡಿಸಿದರು.

ಸ್ಕ್ಯಾನು ಮಾಡಿದರು. ಡಾಕ್ಟರು ನಮ್ಮಿಬ್ಬರನ್ನೂ ಒಟ್ಟಿಗೇ ಒಳಗೆ ಕರೆದರು. ಗಂಡಸರಲ್ಲಿ ಬಂದಿದ್ದವರು ನಾವಿಬ್ಬರೇ. ಅವರು ತಮಿಳಿನಲ್ಲಿ ವಿವರಿಸಿದರು. ಉದ್ದ ತೋಳಿನ ಅಂಗಿ ಹಾಕಿದ್ದರು. ತೋಳಿನ ತುದಿಯನ್ನು ಮೇಲಕ್ಕೆಳೆದು, ಬಟ್ಟೆಯೊಳಕ್ಕೆ ಬಟ್ಟೆ ತೂರಿಕೊಳ್ಳುವುದನ್ನು ತೋರಿಸಿದರು. ಕರುಳಿನ ಒಂದು ತುಂಡು ಪಕ್ಕದ ತುಂಡಿನೊಳಕ್ಕೆ ಹೀಗೆ ನುಗ್ಗಿದೆ, ದಾರಿ ಕಟ್ಟಿದೆ. ಮಕ್ಕಳಲ್ಲಿ ತಾನಾಗಿಯೇ ಆಗುತ್ತದೆ. ದೊಡ್ಡವರಲ್ಲಿ ಅಪರೂಪ, ಆದರೆ ಒಳಗೆ ಏನಾದರೂ ಇದ್ದರೆ ಅದನ್ನೇ ಹಿಡಿದುಕೊಂಡು ಕರುಳು ನುಗ್ಗಬಹುದು.

"ಒಳಗೆ ಏನಿತ್ತು ಸಾರ್?" ಮಾಮ ಕೇಳಿದರು.

"ಟ್ಯೂಬು."

"ಆಲಲ್ವಾ?"

"ಹಾಲಲ್ಲ."

"ಪುಡಿ?"

"ಪುಡಿಯೂ ಅಲ್ಲ. ಟ್ಯೂಬು ಇದ್ದದ್ದಕ್ಕೇ ಆದದ್ದು. ಯಾರೂ ಏನೂ ಮಾಡಿಲ್ಲ."

ಮಾಮ ನನ್ನನ್ನು ನೋಡಿದರು, ನಾನು ಮಾಮನನ್ನು ನೋಡಿದೆ. ಅಷ್ಟು ದೂರ ಹೊತ್ತು ತಂದ ಜಗಳವನ್ನು ಎಲ್ಲಿ ಇಳಿಸುವುದೆಂದು ಇಬ್ಬರಿಗೂ ತಿಳಿಯಲಿಲ್ಲ. ಆಮೇಲೆ ಮಾಮ ಮೆಲ್ಲಗೆ ಕೇಳಿದರು: "ಸಾರ್, ಅರಳೆಣ್ಣೆ ಕೊಟ್ಟಿದ್ರೆ?"

ಡಾಕ್ಟರು ತಲೆಯಾಡಿಸಿದರು. "ಕಟ್ಟಿರುವ ಕಡೆ ಇನ್ನೂ ಹಿಂಡುತ್ತಿತ್ತು. ರಕ್ತ ಓಡದೆ ಕರುಳು ಕೆಡಬಹುದಾಗಿತ್ತು." ಮಾಮ ಅಂಗೈಯನ್ನು ಪಂಚೆಗೆ ಒರೆಸಿಕೊಂಡರು, ಎಣ್ಣೆ ಇನ್ನೂ ಅಲ್ಲೇ ಇದೆಯೇನೋ ಎಂಬಂತೆ.

ಈಗ ಏನು ಮಾಡುವುದು ಎಂಬುದನ್ನೂ ಡಾಕ್ಟರು ಮುಚ್ಚಿಡಲಿಲ್ಲ. ಹೊಟ್ಟೆ ಕೊಯ್ದು ಕರುಳು ಬಿಡಿಸಬಹುದು. ಆದರೆ ದೊಡ್ಡ ಆಪರೇಷನ್ ಆಗಿ ಹೆಚ್ಚು ಕಾಲವಾಗಿಲ್ಲ, ಹೃದಯ ಬಲವಾಗಿಲ್ಲ, ಇನ್ನೊಂದನ್ನು ತಡೆಯುತ್ತಾರೆಂದು ಹೇಳಲಾರೆ. ಕರುಳಿಗೆ ಇನ್ನೂ ರಕ್ತ ಓಡುತ್ತಿದೆ. ಆದ್ದರಿಂದ ಮೊದಲು ಎಕ್ಸ್‌ರೇ ಪರದೆಯಲ್ಲಿ ನೋಡುತ್ತ ಟ್ಯೂಬನ್ನು ಮೆಲ್ಲಗೆ ಎಳೆದು ತೆಗೆಯುತ್ತೇವೆ. ಹಿಡಿದುಕೊಳ್ಳಲು ಏನೂ ಇಲ್ಲದಿದ್ದರೆ ಕರುಳು ತಾನಾಗಿ ಬಿಡಿಸಿಕೊಳ್ಳಬಹುದು. ನಾಳೆಯ ತನಕ ಕಾಯುತ್ತೇವೆ. ಗಾಳಿ ಹೋಯಿತೆಂದರೆ ದಾರಿ ತೆರೆಯಿತೆಂದು ಅರ್ಥ. ಇಲ್ಲವೆಂದರೆ ಕೊಯ್ಯಲೇಬೇಕು.

ಟ್ಯೂಬು ತೆಗೆದರು. ಒಳಗೆ ಕಟ್ಟಿ ನಿಂತ ನೀರನ್ನು ಹೊರಕ್ಕೆ ತೆಗೆಯಲು ಮೂಗಿನಲ್ಲಿ ಇನ್ನೊಂದು ಟ್ಯೂಬನ್ನು ಡಾಕ್ಟರೇ ಹಾಕಿದರು. ಹೊಸ ಹೊಲಿಗೆ ಇರುವ ಕಡೆ ನಮ್ಮಂಥವರು ಕೈ ಹಾಕುವ ಕೆಲಸವಲ್ಲ ಅದು. ಕೈಗೆ ಗ್ಲೂಕೋಸು ಏರಿಸಿದರು. ಇನ್ನು ಉಳಿದದ್ದು ಒಂದು ಹೂಸಿಗಾಗಿ ಕಾಯುವುದು. ಬೋಡಿಯಿಂದ ಮಗ ಬಂದು ಸೇರಿಕೊಂಡ. ಆಸ್ಪತ್ರೆಯ ವರಾಂಡದಲ್ಲಿ ಒಂದು ಕುಟುಂಬ ಪೂರ್ತಿ ಅದೊಂದಕ್ಕಾಗಿ ಕಾಯುವುದನ್ನು ನೋಡದವರು ನಗಬಹುದು. ನಮಗೆ ನಗು ಬರಲಿಲ್ಲ. ಸಾಮಿಗೆ ಹರಕೆ ಕಟ್ಟಿದವರೂ ಇದ್ದರು.

ಮಾಮ ಬೆಂಚಿನ ಮೇಲೆ ಕೂರುವುದು, ಏಳುವುದು, ಒಳಗೆ ಹೋಗಿ ಅಕ್ಕನ ಕಿವಿಯ ಹತ್ತಿರ ಬಾಗುವುದು.

"ಅಕ್ಕಾ, ಓಯ್ತಾ?"

"ಇಲ್ಲ ಓಗೋ."

ಮತ್ತೆ ಸ್ವಲ್ಪ ಹೊತ್ತಿಗೆ: "ಅಕ್ಕಾ, ಸ್ವಲ್ಪನಾದ್ರೂ?"

"ಎಲ್ರೂ ಬಾಯ್ ನೋಡ್ಕೊಂಡು ನಿಂತಿದ್ರೆ ಅದು ಎಂಗೋ ಬತ್ತದೆ? ನಾಚ್ಕೆ ಆಗಲ್ವಾ ನಿಂಗೆ?"

ಮರುದಿನ ಬೆಳಿಗ್ಗೆ ಡಾಕ್ಟರು ಬರುವ ಮೊದಲು ನಾನು ದೊಡ್ಡವ್ವನನ್ನು ಮಗ್ಗುಲು ಬದಲಿಸಿ ಬೆನ್ನು ಒರೆಸುತ್ತಿದ್ದೆ. ನೋವಿಲ್ಲದೆ ನಿದ್ದೆ ಮಾಡಿದ್ದರು. ಹೊಟ್ಟೆ ಇಳಿದು ಮೆತ್ತಗಾಗಿತ್ತು. ಒರೆಸುತ್ತಿದ್ದ ಹಾಗೇ ಆ ಶಬ್ದ ಬಂತು, ಚಿಕ್ಕದಲ್ಲ. ಬಾಗಿಲಲ್ಲಿದ್ದ ಮಾಮನಿಗೂ ಕೇಳಿಸಿತು. ಅವರು ಗೋಡೆ ಹಿಡಿದು ನಿಂತು ಅಳತೊಡಗಿದರು. ದೊಡ್ಡವ್ವ ಗೋಡೆಯ ಕಡೆ ಮುಖ ಮಾಡಿಕೊಂಡೇ, "ಇನ್ನ ಊರಿಗೆಲ್ಲಾ ಯೇಳ್ಕೊಂಡ್ ಬಾ," ಎಂದರು. ಮಾಮ ಹೇಳಿಕೊಂಡೇ ಬಂದರು. ಫೋನು ಹಿಡಿದು ವರಾಂಡದ ಉದ್ದಕ್ಕೂ ನಡೆಯುತ್ತ ಉತ್ತಮಪಾಳಯಂ, ತೇವಾರಂ, ಎಲ್ಲ ಕಡೆಗೂ ಸುದ್ದಿ ಮುಟ್ಟಿಸಿದರು.

ಸ್ಕ್ಯಾನಿನಲ್ಲಿ ಕರುಳು ಬಿಡಿಸಿಕೊಂಡದ್ದು ಕಾಣಿಸಿತು. ಹೊಲಿಗೆ ಗಟ್ಟಿಯಾಗಿದೆ ಎಂದು ಪರೀಕ್ಷೆ ಮಾಡಿ, ಬಾಯಿಂದಲೇ ಕೊಡಿ ಎಂದರು ಡಾಕ್ಟರು. ಮೊದಲು ನೀರಾಗಿರುವುದು, ಆಮೇಲೆ ಮೆತ್ತಗಿರುವುದು. ಈಗ ಹೊಟ್ಟೆ ಎಂದರೆ ಚೀಲವಲ್ಲ, ಸಣ್ಣ ಕೊಳವೆ. ಆದ್ದರಿಂದ ಒಂದು ಸಲಕ್ಕೆ ಸ್ವಲ್ಪವೇ, ಆದರೆ ದಿನಕ್ಕೆ ತುಂಬ ಸಲ. ಕೂತೇ ತಿನ್ನಬೇಕು, ತಿಂದ ಮೇಲೂ ಮಲಗಬಾರದು. ತೂಕ ಇಳಿದರೆ ಮತ್ತೆ ಕೊಯ್ದು ಟ್ಯೂಬು ಹಾಕುವುದು ಬಿಟ್ಟು ಬೇರೆ ದಾರಿಯಿಲ್ಲ. ಇನ್ನೊಂದು ಸಲ ಕೊಯ್ದರೆ ದೊಡ್ಡವ್ವ ತಡೆಯುತ್ತಾರೆಂದು ಹೇಳಲಾರೆ ಎಂದು ಅವರು ಮೊದಲೇ ಹೇಳಿದ್ದರು.

ಮನೆಗೆ ಬಂದೆವು. ಕೊಂಡಿ ಖಾಲಿ. ನಾನು ಇದಿನ್ನು ಸುಲಭದ ಕೆಲಸ ಎಂದುಕೊಂಡಿದ್ದೆ. ಹೊತ್ತಿಗೆ ಸರಿಯಾಗಿ ಗಂಜಿ ಮಾಡಿ, ಬಟ್ಟಲಿಗೆ ಹಾಕಿ, ಕೂರಿಸಿ, ಚಮಚ ಹಿಡಿದೆ. ಒಂದು ಚಮಚ ತೆಗೆದುಕೊಂಡರು, ಎರಡನೆಯದಕ್ಕೆ ಮುಖ ತಿರುಗಿಸಿದರು. ಮತ್ತೆ ತಂದೆ, ಮತ್ತೆ ಹಾಗೇ. ನುಂಗುವುದೆಂದರೆ ಭಯ. ಆ ನೋವು ವಾಪಸು ಬರುತ್ತದೆ ಎಂದು. ಬಾಯಲ್ಲಿ ಇಟ್ಟುಕೊಂಡು ನಾನು ಆ ಕಡೆ ತಿರುಗಿದಾಗ ಉಗಿಯುವುದೂ ಆಯಿತು. ಸೊಸೆ ಬೇಡಿಕೊಂಡಳು. ಮಗ ಗದರಿಸಿದ. ನಾನು ಸಮಾಧಾನದಿಂದ ಹೇಳಿದೆ, ಜಬರಿಸಿಯೂ ಹೇಳಿದೆ. "ಬೇಡ ಬುಡಪ್ಪಾ, ಅಸಿವಿಲ್ಲ," ಎಂಬುದೊಂದೇ ಉತ್ತರ. ತೂಕ ನೋಡಿದೆ. ಇಳಿದಿತ್ತು. ಮುಂದಿನ ಸಲ ನೋಡಿದಾಗ ಇನ್ನೂ ಇಳಿದಿತ್ತು.

ಒಂದು ದಿನ ಸಂಜೆ ತೇವಾರದಿಂದ ಮುದುಕಿಯೊಬ್ಬಳು ಬಂದಳು, ದೊಡ್ಡವ್ವನ ತವರಿನ ಕಡೆಯವಳು. ನನ್ನ ಕಾವಲಿನ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಸೀದಾ ಒಳಗೆ ಬಂದು, ಸೆರಗಿನಡಿಯಿಂದ ಪುಟ್ಟ ಪಾತ್ರೆ ತೆಗೆದು, ರಾಗಿ ಗಂಜಿಯನ್ನು ಒಂದು ಚಮಚ ಎತ್ತಿ ದೊಡ್ಡವ್ವನ ಬಾಯಿಗೆ ಹಿಡಿದಳು. ನಾನು ತಡೆಯಲು ಏಳುವಷ್ಟರಲ್ಲಿ ದೊಡ್ಡವ್ವ ಬಾಯಿ ತೆರೆದಿದ್ದರು. ನುಂಗಿದರು. ಇನ್ನೊಂದನ್ನೂ ನುಂಗಿದರು. ಮುಖದಲ್ಲಿ ಭಯ ಹಾಗೇ ಇತ್ತು, ಆದರೆ ನುಂಗಿದರು. ಪಾತ್ರೆಯ ತಳ ಕಂಡಿತು.

ಮುದುಕಿ ಹೋದ ಮೇಲೆ ಕೇಳಿದೆ: "ನಾ ಕೊಟ್ರೆ ಒಲ್ಲೆ ಅಂತೀಯ. ಅವ್ಳು ಕೊಟ್ರೆ ಎಂಗೆ ಓಯ್ತು?"

"ನಿಂದು ಮದ್ದು. ಅದ್ನ ಒಲ್ಲೆ ಅನ್ಬೌದು. ಅವ್ಳು ತಂದಿದ್ದು ಮನೆ ಗಂಜಿ. ಒಲ್ಲೆ ಅಂದ್ರೆ ನಾಳೆ ಅವ್ರ್ ಮನೆ ಬಾಗ್ಲಿಗೆ ಎಂಗ್ ಓಗ್ಲಿ?"

ನಾನು ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಬಾಗಿಲಲ್ಲಿ ನಿಂತು ವಾಪಸು ಕಳಿಸಿದ ಪಾತ್ರೆಗಳೆಲ್ಲ ಕಣ್ಣ ಮುಂದೆ ಬಂದವು. ಆಗ ಕಳಿಸಿದ್ದು ಸರಿಯೇ. ಕರುಳಿನ ಟ್ಯೂಬಿಗೆ ಅದು ಆಗದು. ಆದರೆ ಈಗ ಡಾಕ್ಟರು ಹೇಳಿದ್ದೇನು? ಸ್ವಲ್ಪ ಸ್ವಲ್ಪ, ತುಂಬ ಸಲ. ಒಂದು ಮನೆಯಿಂದ ಒಂದು ಸಣ್ಣ ಬಟ್ಟಲು, ದಿನಕ್ಕೆ ಅಷ್ಟು ಮನೆ. ಇದಕ್ಕಿಂತ ಸರಿಯಾಗಿ ಯಾರು ತಿನ್ನಿಸುತ್ತಾರೆ? ಮರುದಿನ ಬೆಳಿಗ್ಗೆಯೇ ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಮೆತ್ತಗಿರಲಿ, ಖಾರ ಬೇಡ, ಸಿಹಿ ಹೆಚ್ಚಾಗಬಾರದು, ಎರಡು ಮನೆಯವರು ಒಟ್ಟಿಗೆ ಬರಬಾರದು, ಅಷ್ಟಾದರೆ ಒಳ್ಳೆಯದೇ ಎಂದು ನಕ್ಕರು.

ಪಕ್ಕದ ಬೀದಿಯವರೆಗೆ ನಡೆಯುವುದು ನನಗೆ ಸುಲಭವಾಗಿರಲಿಲ್ಲ. ನಾನು ಯಾರ ಮನೆಯ ಬಾಗಿಲಿಗೂ ಬೇಡಲು ಹೋದವನಲ್ಲ. ಮಾಮ ಅಂಗಳದಲ್ಲಿ ದ್ರಾಕ್ಷಿಯ ಟ್ರೇಗಳನ್ನು ತೊಳೆಯುತ್ತಿದ್ದರು.

"ಏನು ಟ್ಯೂಬು ಡಾಕ್ಟ್ರೇ, ದಾರಿ ತಪ್ಪೋಯ್ತಾ?"

"ಇಲ್ಲ ಮಾಮ. ನಿಮ್ಮ ಮನೆ ಗಂಜಿ ಬೇಕಾಗಿತ್ತು."

ಕೈಯಲ್ಲಿದ್ದ ಟ್ರೇ ಕೆಳಗಿಟ್ಟರು. ಹೇಳಿದೆ. ತೂಕ ಇಳಿದದ್ದು, ತೇವಾರದ ಮುದುಕಿ, ಡಾಕ್ಟರ ಮಾತು, ಎಲ್ಲ. ಕೇಳಿದ ಮೇಲೆ ಅವರು ನನ್ನನ್ನು ಚುಚ್ಚಬಹುದಾಗಿತ್ತು, ಚುಚ್ಚಲಿಲ್ಲ. "ಯಾವ ಒತ್ಗೆ ಯಾವ ಮನೆ ಅಂತ ನಂಗ್ ಬುಡು. ಕಾಲ್ವೆ ನೀರಿಗೆ ಸರದಿ ಕಟ್ಟೋದು ನಾವು ಉಟ್ಟಾಗಿಂದ ಮಾಡ್ತಾ ಬಂದಿದ್ದೇ," ಎಂದರು.

ಸರದಿ ಕಟ್ಟಿದರು. ಬೆಳಿಗ್ಗೆ ಅವರ ಮನೆಯದು, ಆಮೇಲೆ ಎದುರು ಮನೆಯದು, ಹಾಗೇ ಸಂಜೆಯವರೆಗೆ. ಯಾರಾದರೂ ದೊಡ್ಡ ಬಟ್ಟಲು ತಂದರೆ ಮಾಮನೇ ಬಾಗಿಲಲ್ಲಿ ನಿಂತು ಬೈದು ಕಳಿಸುತ್ತಿದ್ದರು. "ಕರುಳು ಕಾಲ್ವೆ ಇದ್ದಂಗೆ, ಗೊತ್ತಿಲ್ವಾ ನಿಂಗೆ?" ಎಂಬ ಮಾತು ಒಳಗೆ ಕೂತ ನನಗೆ ಕೇಳಿಸುತ್ತಿತ್ತು. ದೊಡ್ಡವ್ವ ಒಂದೊಂದು ಮನೆಯದನ್ನೂ ನುಂಗುತ್ತ, ಅವರು ಹೋದ ಮೇಲೆ ಒಂದೊಂದಕ್ಕೂ ಹೆಸರಿಟ್ಟರು. ಒಬ್ಬರದು ಸೀದಿತ್ತು, ಒಬ್ಬರ ಮಜ್ಜಿಗೆ ಹಳಸಿತ್ತು, ತಮ್ಮನ ಮನೆಯದಂತೂ ನೀರು. ಹೆಸರಿಡುವ ನಾಲಿಗೆ ಬದುಕಿದೆ ಎಂದು ನಾನು ಸಮಾಧಾನ ಮಾಡಿಕೊಂಡೆ. ತೂಕ ನಿಂತಿತು. ಆಮೇಲೆ ಏರಿತು. ಭಯ ಯಾವಾಗ ಹೋಯಿತೋ ಯಾರೂ ಗಮನಿಸಲಿಲ್ಲ.

ನನ್ನ ಕೆಲಸ ಮುಗಿಯಿತು. ಚೀಲ ಕಟ್ಟಿಕೊಂಡು ಹೋಗಿಬರುತ್ತೇನೆ ಎಂದಾಗ ದೊಡ್ಡವ್ವ ಜಗಲಿಯ ಮೇಲೆ ಕೂತಿದ್ದರು.

"ಎಲ್ಲಾರ್ ಮನೆದೂ ಬಂತು. ನಿನ್ ಮನೆದು ಯಾವಾಗ?"

ತೇನಿಯ ನಮ್ಮ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಹೆಂಡತಿಯನ್ನು ಒಲೆಯ ಹತ್ತಿರ ಬರಗೊಡದೆ, ನಮ್ಮ ಅವ್ವ ಮಾಡುತ್ತಿದ್ದದ್ದನ್ನು ನೆನಪಿಸಿಕೊಂಡು ನಾನೇ ಕಂಬು ಗಂಜಿ ಮಾಡಿದೆ. ಹುಳಿ ಮಜ್ಜಿಗೆ ಬೆರೆಸಿದೆ. ಮುಚ್ಚಳದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಂಬಂ ಬಸ್ಸು ಹತ್ತಿದೆ. ಚಿನ್ನಮನೂರು ಬಂತು, ಬಾಳೆತೋಟಗಳು ಬಂದವು, ಡಬ್ಬಿ ಇನ್ನೂ ಬೆಚ್ಚಗಿತ್ತು.

ದೊಡ್ಡವ್ವನನ್ನು ನೆಟ್ಟಗೆ ಕೂರಿಸಿ ಚಮಚ ಹಿಡಿದೆ. ಮಾಮ, ಸೊಸೆ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ದೊಡ್ಡವ್ವ ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, ಕಣ್ಣು ಮುಚ್ಚಿ, ನುಂಗಿದರು. ಆಮೇಲೆ ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

"ಉಪ್ಪು ಕಮ್ಮಿ," ಎಂದು, ಮತ್ತೆ ಬಾಯಿ ತೆರೆದರು.